ಉಸ್ತಾದ ಹೋದರೆ ಗರಡಿ ಉಳಿದೀತೆ?

ಫುಟ್‌ಬಾಲ್ ಅಭಿಮಾನಿಗಳಿಗೆ ಒಂದು ವಿಶೇಷ ಬಗೆಯ ಕಾಯಿಲೆ ಉಂಟು. ತಂಡ ಸೋತಾಗ ಚಿಂತೆ ಮಾಡುವುದು ಲೋಕರೂಢಿ. ಇವರು ತಂಡ ಗೆದ್ದಾಗ ಅದಕ್ಕಿಂತ ಹೆಚ್ಚು ಚಿಂತೆ ಮಾಡುತ್ತಾರೆ. ನಾಲ್ಕಾರು ಪಂದ್ಯ ಸತತವಾಗಿ ಗೆದ್ದರೆ ಸಾಕು, ‘ಇನ್ನು ನಮ್ಮ ಮ್ಯಾನೇಜರನ್ನು ಆ ದೊಡ್ಡ ಕ್ಲಬ್ಬಿನವರು ಹಾರಿಸಿಕೊಂಡು ಹೋಗುತ್ತಾರೆ’ ಎಂಬ ಭಯ ಶುರುವಾಗುತ್ತದೆ. ನಮ್ಮ ಸಂಘದ ಮನೆಗಳಲ್ಲಿಯೂ ಈ ಕಾಯಿಲೆ ಧಾರಾಳವಾಗಿದೆ. ಲಿವರ್‌ಪೂಲ್, ಆರ್ಸೆನಲ್, ಮ್ಯಾಂಚೆಸ್ಟರ್ ಎಂದು ಜಪಿಸುವ ಮಕ್ಕಳು, ಅವರ ನೆಪದಲ್ಲಿ ನಡುರಾತ್ರಿ ಟೀವಿಯ ಮುಂದೆ ಕೂರುವ ತಂದೆಯರು, ‘ನಾಳೆ ಸ್ಕೂಲಿದೆ’ ಎಂದು ಗದರಿಸುವ ತಾಯಂದಿರು, ಎಲ್ಲರಿಗೂ ಗೊತ್ತಿರುವ ಸಂಗತಿಯೇ ಇದು.

ಇಲ್ಲಿ ಮ್ಯಾನೇಜರ್ ಎಂದರೆ ನಮ್ಮ ಬ್ಯಾಂಕಿನ ಮ್ಯಾನೇಜರ್ ಅಲ್ಲ. ಆಟಗಾರರನ್ನು ಆರಿಸುವವನು, ಪಳಗಿಸುವವನು, ಯಾರು ಎಲ್ಲಿ ಆಡಬೇಕೆಂದು ಹೇಳುವವನು, ಸೋತರೆ ಬೈಸಿಕೊಳ್ಳುವವನು, ಎಲ್ಲವೂ ಅವನೇ. ಮೈಸೂರಿನ ಕಡೆಯವರಿಗೆ ಗರಡಿಮನೆಯ ಉಸ್ತಾದ ಎಂದರೆ ಸುಲಭವಾಗಿ ತಿಳಿದೀತು. ನಮ್ಮ ಗರಡಿಯ ಉಸ್ತಾದನನ್ನು ಪಕ್ಕದ ಮೊಹಲ್ಲಾದವರು ಹೆಚ್ಚು ಹಣ ಕೊಟ್ಟು ಕರೆದುಕೊಂಡು ಹೋದರೆ ಏನು ಮಾಡುವುದು? ಪ್ರಶ್ನೆ ಇಷ್ಟೇ. ಆದರೆ ಇದನ್ನು ಸ್ವಲ್ಪ ಬಿಡಿಸಿ ನೋಡಿದರೆ ಒಳಗೆ ಮೂರು ಪ್ರಶ್ನೆಗಳು ಸಿಗುತ್ತವೆ. ಹೋಗುವವನದು ತಪ್ಪೆ? ಕರೆದುಕೊಂಡು ಹೋಗುವವನದು ತಪ್ಪೆ? ಉಳಿದವರು ಏನು ಮಾಡಬೇಕು? ಈ ಮೂರೂ ಕೇವಲ ಚೆಂಡಾಟದ ಪ್ರಶ್ನೆಗಳಲ್ಲ, ಊರು ಬಿಟ್ಟು ಬಂದಿರುವ ನಮ್ಮೆಲ್ಲರ ಪ್ರಶ್ನೆಗಳೂ ಹೌದು. ಆದ್ದರಿಂದ ಫುಟ್‌ಬಾಲ್ ಎಂದರೆ ಪುಟ ತಿರುಗಿಸುವ ಓದುಗರೂ ಸ್ವಲ್ಪ ತಾಳ್ಮೆಯಿಂದಿರಬೇಕಾಗಿ ಕೋರುತ್ತೇನೆ.

ನಮ್ಮದೇ ಬೆಂಗಳೂರಿನ ಉದಾಹರಣೆಯಿಂದ ಆರಂಭಿಸೋಣ. ಬೆಂಗಳೂರು ಎಫ್‌ಸಿ ಎಂಬ ಕ್ಲಬ್ಬು ಹುಟ್ಟಿದ್ದು 2013ರಲ್ಲಿ. ಮೊದಲ ಮ್ಯಾನೇಜರ್ ಇಂಗ್ಲೆಂಡಿನ ಆಶ್ಲೆ ವೆಸ್ಟ್‌ವುಡ್. ಮೊದಲ ವರ್ಷವೇ ಐ-ಲೀಗ್ ಗೆದ್ದಿತು, 2016ರಲ್ಲಿ ಮತ್ತೊಮ್ಮೆ ಗೆದ್ದಿತು. ಆ ವರ್ಷವೇ ಅವರು ಹೊರಟರು. ಇನ್ನು ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ಸ್ಪೇನಿನ ಆಲ್ಬರ್ಟ್ ರೋಕಾ ಬಂದರು. ಅದೇ 2016ರ ಸೆಪ್ಟೆಂಬರಿನಲ್ಲಿ ಎಎಫ್‌ಸಿ ಕಪ್ಪಿನ ಕ್ವಾರ್ಟರ್ ಫೈನಲ್‌ನಲ್ಲಿ ಬೆಂಗಳೂರಿಗೆ ಎದುರಾಳಿಯಾಗಿದ್ದದ್ದು ಸಿಂಗಪುರದ ಟ್ಯಾಂಪನೀಸ್ ರೋವರ್ಸ್. ಬೆಂಗಳೂರಿನಲ್ಲಿ 1-0, ಇಲ್ಲಿನ ಜಲಾನ್ ಬೆಸಾರ್ ಮೈದಾನದಲ್ಲಿ 0-0. ಸೆಮಿಫೈನಲ್‌ನಲ್ಲಿ ನಮ್ಮ ಕಾಸ್‌ವೇ ದಾಟಿದರೆ ಸಿಗುವ ಜೊಹೋರಿನ ತಂಡ. ಅದನ್ನೂ ಸೋಲಿಸಿ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ಬೆನಿಸಿತು. ದೋಹಾದಲ್ಲಿ ನಡೆದ ಫೈನಲ್‌ನಲ್ಲಿ ಇರಾಕಿನ ತಂಡಕ್ಕೆ ಒಂದು ಗೋಲಿನಿಂದ ಸೋತಿತು, ಅದು ಬೇರೆ ಮಾತು.

2018ರಲ್ಲಿ ರೋಕಾ ಕೂಡ ಬಿಟ್ಟರು. ಕಂಠೀರವ ಕ್ರೀಡಾಂಗಣದ ಪಶ್ಚಿಮ ಗ್ಯಾಲರಿಯಲ್ಲಿ ನಿಂತು ಗಂಟಲು ಹರಿದುಕೊಳ್ಳುತ್ತಿದ್ದ ಹುಡುಗರಿಗೆ ಆಗ ಎಷ್ಟು ಬೇಸರವಾಗಿರಬೇಕು, ಊಹಿಸಬಹುದು. ಆದರೆ ರೋಕಾ ಅವರ ಜೊತೆಯಲ್ಲೇ ಬಂದು ಸಹಾಯಕರಾಗಿದ್ದ ಕಾರ್ಲೆಸ್ ಕ್ವಾದ್ರಾತ್ ಆ ಜಾಗಕ್ಕೆ ಬಂದರು. ಮರುವರ್ಷ, 2019ರ ಮಾರ್ಚಿನಲ್ಲಿ, ಬೆಂಗಳೂರು ತನ್ನ ಮೊದಲ ಇಂಡಿಯನ್ ಸೂಪರ್ ಲೀಗ್ ಪ್ರಶಸ್ತಿ ಗೆದ್ದಿತು. ರೋಕಾ ಗೆಲ್ಲದಿದ್ದ ಪ್ರಶಸ್ತಿಯನ್ನು ಅವರ ಕೈಕೆಳಗಿದ್ದವರು ಗೆದ್ದುಕೊಟ್ಟರು. ಅದೇ ಕ್ವಾದ್ರಾತ್ ಅವರನ್ನು 2021ರ ಜನವರಿಯಲ್ಲಿ, ಕೆಲವು ಸೋಲುಗಳ ಬಳಿಕ, ಕ್ಲಬ್ಬು ಬೀಳ್ಕೊಟ್ಟಿತು ಎಂಬುದನ್ನೂ ನೆನಪಿಡಬೇಕು.

ರೋಕಾ ಅವರ ಕಥೆ ಅಲ್ಲಿಗೆ ಮುಗಿಯುವುದಿಲ್ಲ. 2020ರಲ್ಲಿ ಹೈದರಾಬಾದ್ ಎಫ್‌ಸಿ ಅವರನ್ನು ಮ್ಯಾನೇಜರ್ ಎಂದು ಗೊತ್ತುಮಾಡಿಕೊಂಡಿತು. ಹೊಸ ಋತುವಿನ ಮೊದಲ ಪಂದ್ಯ ಆಡುವ ಮುನ್ನವೇ, ಆಗಸ್ಟಿನಲ್ಲಿ, ಬಾರ್ಸಿಲೋನಾದಿಂದ ಕರೆ ಬಂತು. ಹೋದರು. ಬಾರ್ಸಿಲೋನಾ ಕರೆದರೆ ಯಾರು ತಾನೆ ಹೋಗುವುದಿಲ್ಲ? ಹೈದರಾಬಾದಿನವರು ಎದೆ ಬಡಿದುಕೊಳ್ಳುತ್ತ ಕೂರಲಿಲ್ಲ. ಕೆಲವೇ ದಿನಗಳಲ್ಲಿ ಮನೋಲೊ ಮಾರ್ಕೆಸ್ ಎಂಬವರನ್ನು ತಂದರು, 2022ರಲ್ಲಿ ಪ್ರಶಸ್ತಿಯನ್ನೇ ಗೆದ್ದರು. 2023ರಲ್ಲಿ ಮಾರ್ಕೆಸ್ ಪ್ರತಿಸ್ಪರ್ಧಿ ಎಫ್‌ಸಿ ಗೋವಾಕ್ಕೆ ಹೋದರು. ಮರುವರ್ಷ ಹೈದರಾಬಾದ್ ಪಟ್ಟಿಯಲ್ಲಿ ಕಟ್ಟಕಡೆಗೆ ಬಂತು. ನೋಡಿದಿರಾ, ಗುರು ಹೋದ, ಗರಡಿ ಮುಳುಗಿತು ಎನ್ನುವವರು ಒಂದು ವಿಷಯ ಗಮನಿಸಬೇಕು. ಆ ವರ್ಷ ಅಲ್ಲಿ ಆಟಗಾರರಿಗೆ ಸಂಬಳವೇ ಸರಿಯಾಗಿ ಸಿಗುತ್ತಿರಲಿಲ್ಲ, ಒಬ್ಬೊಬ್ಬರಾಗಿ ಬಿಟ್ಟು ಹೋಗುತ್ತಿದ್ದರು. ನಮ್ಮ ವೈದ್ಯಕೀಯದ ಮಾತಿನಲ್ಲಿ ಹೇಳುವುದಾದರೆ, ಜ್ವರ ಕಂಡದ್ದು ಗುರು ಹೋದ ಮೇಲೆ. ರೋಗ ಇದ್ದದ್ದು ಬೇರೆ ಕಡೆ.

ಇಂಗ್ಲೆಂಡಿನಲ್ಲಿಯೂ ಎರಡು ಬಗೆಯ ಉದಾಹರಣೆಗಳಿವೆ. 2022ರ ಸೆಪ್ಟೆಂಬರಿನಲ್ಲಿ ಬ್ರೈಟನ್ ಎಂಬ ಸಣ್ಣ ಕ್ಲಬ್ಬಿನ ಮ್ಯಾನೇಜರ್ ಗ್ರಹಾಂ ಪಾಟರ್ ಅವರನ್ನು ಶ್ರೀಮಂತ ಚೆಲ್ಸಿ ಪರಿಹಾರದ ಹಣ ತೆತ್ತು ಕರೆದೊಯ್ದಿತು. ಆ ಋತುವಿನ ಕೊನೆಗೆ ಬ್ರೈಟನ್ 6ನೆಯ ಸ್ಥಾನದಲ್ಲಿತ್ತು, ಚೆಲ್ಸಿ 12ನೆಯದರಲ್ಲಿ. ಪಾಟರ್ ಅವರನ್ನು ಚೆಲ್ಸಿ ಏಳು ತಿಂಗಳೂ ತುಂಬುವ ಮೊದಲೇ ಮನೆಗೆ ಕಳಿಸಿತ್ತು. 2024ರಲ್ಲಿ ಅದೇ ಚೆಲ್ಸಿ ಲೆಸ್ಟರಿನಿಂದ ಎಂಜೋ ಮಾರೆಸ್ಕಾ ಅವರನ್ನು ಕರೆದೊಯ್ದಿತು. ಆ ಸಲ ಲೆಸ್ಟರ್ ಮುಂದಿನ ವರ್ಷವೇ ಕೆಳಗಿನ ದರ್ಜೆಗೆ ಇಳಿಯಿತು. ಒಂದೇ ಕಳ್ಳ, ಎರಡು ಮನೆ. ಒಂದು ಮನೆ ನಿಂತಿತು, ಇನ್ನೊಂದು ಕುಸಿಯಿತು. ಹಾಗಾದರೆ ವ್ಯತ್ಯಾಸ ಇರಬೇಕಾದದ್ದು ಮನೆಯಲ್ಲಿ, ಅಲ್ಲವೆ?

ಈಗ ಮೊದಲ ಪ್ರಶ್ನೆಗೆ ಬರೋಣ. ಹೋಗುವವನದು ತಪ್ಪೆ?

ನಮ್ಮ ಹಳೆಗನ್ನಡದವರಿಗೆ ಈ ವಿಷಯದಲ್ಲಿ ಸ್ಪಷ್ಟವಾದ ಮಾತುಗಳಿದ್ದವು. ತಿಂದ ಜೋಳಕ್ಕೆ ಪ್ರತಿಯಾಗಿ ದುಡಿಯುವುದು ಜೋಳವಾಳಿ. ಒಡೆಯ ಸತ್ತರೆ ತಾನೂ ಸಾಯುತ್ತೇನೆಂಬ ಭಾಷೆ ವೇಳೆವಾಳಿ. ಹಳೇಬೀಡಿಗೆ ಹೋದವರು ಹೊಯ್ಸಳೇಶ್ವರ ದೇವಾಲಯದ ಬಳಿ ಒಂದು ಕಂಬವನ್ನು ನೋಡಿರಬಹುದು. ವೀರಬಲ್ಲಾಳ 1220ರಲ್ಲಿ ತೀರಿಕೊಂಡಾಗ ಅವನ ದಂಡನಾಯಕ ಕುವರಲಕ್ಷ್ಮ ಹೆಂಡತಿ ಮತ್ತು ಸಂಗಡಿಗರ ಸಮೇತ ಪ್ರಾಣ ಕೊಟ್ಟದ್ದನ್ನು ಅದು ಹೇಳುತ್ತದೆ. ಅಂಥ ಮ್ಯಾನೇಜರು ಇಂದು ಯಾವ ಕ್ಲಬ್ಬಿಗೂ ಸಿಗಲಾರ, ಸಿಗಬಾರದು ಕೂಡ.

ಇನ್ನು ಕರ್ಣ. ಕೃಷ್ಣ ಅವನನ್ನು ಏಕಾಂತಕ್ಕೆ ಕರೆದು, ಹುಟ್ಟಿನ ಗುಟ್ಟು ಹೇಳಿ, ಸಿಂಹಾಸನವನ್ನೇ ಮುಂದಿಟ್ಟ. ಅದಕ್ಕಿಂತ ದೊಡ್ಡ ಆಫರ್ ಇನ್ನಾರಿಗೂ ಬಂದಿಲ್ಲ. ಕರ್ಣ ಒಲ್ಲೆನೆಂದ. ಪಂಪನೂ ಕುಮಾರವ್ಯಾಸನೂ ಆ ಪ್ರಸಂಗದಲ್ಲಿ ಕರ್ಣನ ಕಡೆಗೇ ಮನಸ್ಸು ಕೊಟ್ಟಿದ್ದಾರೆ, ಓದುವ ನಾವೂ ಅಷ್ಟೆ. ಆದರೆ ವಿಭೀಷಣನೂ ಇದ್ದಾನಲ್ಲ. ಅವನು ಪಕ್ಷ ಬದಲಾಯಿಸಿದವನು. ಕೆಲವರಿಗೆ ಅವನು ಪರಮಭಕ್ತ, ಕೆಲವರಿಗೆ ಮನೆಮುರುಕ. ಆದರೆ ಅವನ ವಿಷಯದಲ್ಲಿ ನಾವು ಮರೆಯುವ ಒಂದು ಅಂಶವಿದೆ. ಅವನು ಕದ್ದು ಹೋಗಲಿಲ್ಲ. ತುಂಬಿದ ಸಭೆಯಲ್ಲಿ ಅಣ್ಣನ ಎದುರಿಗೆ ನಿಂತು ಹೇಳಬೇಕಾದದ್ದನ್ನು ಹೇಳಿ ಹೋದ. ಇರುವುದು ದೊಡ್ಡದೋ ಹೋಗುವುದು ದೊಡ್ಡದೋ ಎಂಬ ವಾದಕ್ಕೆ ಕೊನೆಯಿಲ್ಲ. ಹೇಗೆ ಇದ್ದ, ಹೇಗೆ ಹೋದ ಎಂದು ಕೇಳಿದರೆ ಮಾತ್ರ ಏನಾದರೂ ಉತ್ತರ ಸಿಕ್ಕೀತು.

ಇನ್ನೊಂದು ಮಾತು. ಜೋಳವಾಳಿ ಎರಡು ಕೈಯ ಚಪ್ಪಾಳೆ. ಸತ್ತ ಬಂಟನ ಮನೆಯವರಿಗೆ ಒಡೆಯ ಗದ್ದೆ ಹೊಲ ಬಿಟ್ಟುಕೊಡುತ್ತಿದ್ದ, ವೀರಗಲ್ಲು ನಿಲ್ಲಿಸುತ್ತಿದ್ದ. ಇಂದಿನ ಕ್ಲಬ್ಬು ಐದು ಪಂದ್ಯ ಸೋತರೆ ಸೋಮವಾರ ಬೆಳಿಗ್ಗೆ ಬಾಗಿಲು ತೋರಿಸುತ್ತದೆ. ಅಭಿಮಾನಿಗಳೂ ಅದನ್ನೇ ಕೂಗಿ ಕೇಳುತ್ತಾರೆ. ಸೋತಾಗ ಅವನನ್ನು ತೆಗೆಯುವ ಹಕ್ಕು ನಮ್ಮದು, ಗೆದ್ದಾಗ ಅವನು ಹೋಗಕೂಡದು ಎಂದರೆ ಅದನ್ನು ನಿಷ್ಠೆ ಎನ್ನಲಾಗುವುದಿಲ್ಲ. ಅದು ಜೀತ.

ಎರಡನೆಯ ಪ್ರಶ್ನೆ, ಕರೆದುಕೊಂಡು ಹೋಗುವವನದು ತಪ್ಪೆ? ಇದಕ್ಕೆ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಸರ್ಕಲ್ ಲೈನಿನಲ್ಲಿ ಒನ್-ನಾರ್ತ್ ನಿಲ್ದಾಣದಲ್ಲಿ ಇಳಿದರೆ ಸಾಕು. ಭೂಮಧ್ಯರೇಖೆಯಿಂದ ಒಂದು ಡಿಗ್ರಿ ಉತ್ತರಕ್ಕಿದ್ದೇವೆಂದು ಈ ಹೆಸರು. ಸುಮಾರು 200 ಹೆಕ್ಟೇರಿನ ಈ ಬಡಾವಣೆಯಲ್ಲಿ 2003ರಲ್ಲಿ ಬಯೋಪೊಲಿಸ್ ತೆರೆಯಿತು. ಜಿನೋಮ್, ಪ್ರೋಟಿಯೋಸ್, ನಾನೋಸ್, ಕ್ರೋಮೋಸ್ ಎಂದು ಕಟ್ಟಡಗಳ ಹೆಸರೇ ಜೀವಶಾಸ್ತ್ರದ ಪಾಠದಂತಿವೆ. ಕಟ್ಟಡ ಕಟ್ಟುವುದು ಸಿಂಗಪುರಕ್ಕೆ ಕಷ್ಟವಲ್ಲ, ಒಳಗೆ ಕೂರುವವರು ಬೇಕಲ್ಲ. ಆಗ ಎ-ಸ್ಟಾರ್ ಸಂಸ್ಥೆಯ ಅಧ್ಯಕ್ಷರಾಗಿದ್ದ ಫಿಲಿಪ್ ಯೋ ಅವರು ಹೊರದೇಶದ ಘಟಾನುಘಟಿ ವಿಜ್ಞಾನಿಗಳನ್ನು ‘ತಿಮಿಂಗಿಲ’ಗಳೆಂದೂ, ಅವರ ಬಳಿ ಕಲಿತು ಬೆಳೆಯಬೇಕಾದ ಇಲ್ಲಿನ ಹುಡುಗ ಹುಡುಗಿಯರನ್ನು ‘ಗಪ್ಪಿ’ ಮೀನುಗಳೆಂದೂ ಕರೆದರು. ತಿಮಿಂಗಿಲಗಳನ್ನು ಹಿಡಿದು ತಂದರು. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಿಂದ ಎಡಿಸನ್ ಲಿಯು ಬಂದು ಜಿನೋಮ್ ಇನ್‌ಸ್ಟಿಟ್ಯೂಟ್ ಕಟ್ಟಿದರು. ಕ್ಯೋಟೋದಿಂದ ಯೋಶಿಯಾಕಿ ಇಟೊ ತಮ್ಮ ಕೆಲವು ಸಹೋದ್ಯೋಗಿಗಳೊಡನೆ 2002ರಲ್ಲಿ ಬಂದರು. ಅಮೆರಿಕದಿಂದಲೇ 2006ರಲ್ಲಿ ನೀಲ್ ಕೋಪ್ಲ್ಯಾಂಡ್ ಮತ್ತು ನ್ಯಾನ್ಸಿ ಜೆಂಕಿನ್ಸ್ ದಂಪತಿಗಳು ಬಂದರು. ಮ್ಯಾನೇಜರುಗಳನ್ನು ಹಾರಿಸಿಕೊಂಡು ಬರುವುದೆಂದರೆ ಹೀಗೆ!

ಇದೇ ಯೋ ಅವರು 1998ರಲ್ಲಿ, ಆರ್ಥಿಕ ಅಭಿವೃದ್ಧಿ ಮಂಡಲಿಯಲ್ಲಿದ್ದಾಗ, ಸರಕಾರಿ ವಿದ್ಯಾರ್ಥಿವೇತನದಲ್ಲಿ ಓದಿ ಬಾಂಡ್ ಮುರಿದವರ ಹೆಸರುಗಳನ್ನು ಬಹಿರಂಗಪಡಿಸುತ್ತೇವೆಂದು ಹೊರಟಾಗ ದೊಡ್ಡ ಚರ್ಚೆಯೇ ಆಯಿತು. ದಂಡ ಕಟ್ಟಿದ ಮೇಲೆ ಲೆಕ್ಕ ಚುಕ್ತಾ ಎಂದರು ಕೆಲವರು. ಇಲ್ಲ, ಅದು ಕೊಟ್ಟ ಮಾತು, ಹಣದಿಂದ ತೀರುವಂಥದಲ್ಲ ಎಂದರು ಇನ್ನು ಕೆಲವರು. ನಮ್ಮವರು ಹೋದರೆ ಮಾತು ಮುರಿದಂತೆ, ಬೇರೆಯವರು ಬಂದರೆ ಪ್ರತಿಭೆಗೆ ಸ್ವಾಗತ ಎಂಬ ಈ ವಿರೋಧಾಭಾಸ ಒಬ್ಬ ವ್ಯಕ್ತಿಯದಲ್ಲ, ಎಲ್ಲ ಊರುಗಳದ್ದು, ಎಲ್ಲ ಕ್ಲಬ್ಬುಗಳದ್ದು. ಬಾಂಡಿಗೆ ಸಹಿ ಹಾಕಿದ್ದು ಬೇರೆ, ಹಾಕದಿರುವುದು ಬೇರೆ ಎಂಬುದು ನಿಜ. ಆದರೂ ಗಾಯದ ನೋವು ಎರಡು ಕಡೆಯೂ ಒಂದೇ.

ಕರೆಯುವವರಿಗೆ ಧರ್ಮವೇ ಇಲ್ಲವೆಂದಲ್ಲ. ಇಂಗ್ಲೆಂಡಿನ ಲೀಗಿನಲ್ಲಿ ಕರಾರಿನಲ್ಲಿರುವ ಮ್ಯಾನೇಜರ್ ಜೊತೆ ಮಾತನಾಡಬೇಕಾದರೆ ಅವನ ಕ್ಲಬ್ಬಿನ ಅನುಮತಿ ಬೇಕು. ನಮ್ಮ ವೈದ್ಯವೃತ್ತಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಒಂದು ಸಂಹಿತೆಯನ್ನು ಒಪ್ಪಿಕೊಂಡಿತು. ಅದು ಯಾವ ವೈದ್ಯನಿಗೂ ನರ್ಸಿಗೂ ದೇಶ ಬಿಡಬೇಡ ಎನ್ನುವುದಿಲ್ಲ. ವೈದ್ಯರ ತೀವ್ರ ಕೊರತೆಯಿರುವ ದೇಶಗಳಿಗೆ ಹೋಗಿ ಬಲೆ ಬೀಸಬೇಡಿ ಎಂದು ಶ್ರೀಮಂತ ದೇಶಗಳಿಗೆ ಹೇಳುತ್ತದೆ. ಸೂಕ್ಷ್ಮವಾದ ವಿವೇಚನೆ ಇದು. ಹೋಗುವ ಸ್ವಾತಂತ್ರ್ಯ ಹೋಗುವವನದು. ಸೆಳೆಯುವ ಶಕ್ತಿಯುಳ್ಳವನು ಎಲ್ಲಿಂದ ಸೆಳೆಯುತ್ತಿದ್ದೇನೆ, ಅಲ್ಲಿ ಏನು ಉಳಿಯುತ್ತದೆ ಎಂದು ನೋಡಬೇಕು. ಚೆಲ್ಸಿಗೂ ಇದು ಅನ್ವಯಿಸೀತು, ಆದರೆ ಒಂದು ಕ್ಲಬ್ಬು ಕೆಳದರ್ಜೆಗೆ ಇಳಿದರೆ ಯಾರೂ ಸಾಯುವುದಿಲ್ಲ.

ಇಲ್ಲಿಗೆ ನಮ್ಮ ಮಾತು ನಮ್ಮ ಬುಡಕ್ಕೇ ಬಂತು. ನನ್ನಂತೆ ಕರ್ನಾಟಕದಲ್ಲಿ ಎಂಬಿಬಿಎಸ್ ಮಾಡಿ, ಹೊರದೇಶದಲ್ಲಿ ರೆಸಿಡೆನ್ಸಿ ಮುಗಿಸಿ, ಅಲ್ಲಿ ಇಲ್ಲಿ ನೆಲೆ ನಿಂತ ವೈದ್ಯರು ಎಷ್ಟೋ ಮಂದಿ. ಸರಕಾರಿ ಸೀಟಿನ ಶುಲ್ಕ ನಾವು ಕಟ್ಟಿದ್ದು ಅಲ್ಪ. ಉಳಿದದ್ದನ್ನು ಕಟ್ಟಿದವರು ರಾಗಿ ಬೆಳೆಯುವವರು, ಬೀಡಿ ಕಟ್ಟುವವರು. ವಾರ್ಡಿನಲ್ಲಿ ಮಲಗಿ, ನಮ್ಮ ಅನನುಭವಿ ಕೈಗೆ ತಮ್ಮ ಹೊಟ್ಟೆಯನ್ನು ಒಪ್ಪಿಸಿ ಕಲಿಸಿದವರೂ ಅವರೇ. ಆ ಋಣಕ್ಕೆ ಬೆಲೆ ಕಟ್ಟಲು ಕರ್ನಾಟಕ ಸರಕಾರ 2012ರಲ್ಲಿ ಒಂದು ಕಾಯ್ದೆ ಮಾಡಿತು. ವೈದ್ಯಕೀಯ ಓದು ಮುಗಿಸಿದವರು ಒಂದು ವರ್ಷ ಕಡ್ಡಾಯವಾಗಿ ಸೇವೆ ಮಾಡಬೇಕೆಂದಿತು. ಅದು ಕೋರ್ಟಿನ ಮೆಟ್ಟಿಲನ್ನೂ ಹತ್ತಿತು, ಮುಂದೆ ತಿದ್ದುಪಡಿಯನ್ನೂ ಕಂಡಿತು. ಒಂದು ವರ್ಷ ಹೆಚ್ಚೋ ಕಡಿಮೆಯೋ ಎಂಬ ವಾದ ಇರಲಿ. ಋಣ ಇದೆ ಎಂಬುದನ್ನು ಯಾರೂ ಅಲ್ಲಗಳೆಯಲಾರರು.

ಹಾಗಾದರೆ ಆ ಋಣ ತೀರುವುದು ಹೇಗೆ? ಅಲ್ಲೇ ಇದ್ದರೆ ಮಾತ್ರವೆ? ರೆಸಿಡೆನ್ಸಿಯಲ್ಲಿ ನಾವು ಮೊದಲು ಕಲಿಯುವ ಪಾಠವೊಂದು ಇಲ್ಲಿ ನೆರವಿಗೆ ಬರುತ್ತದೆ. ಯಾವ ವೈದ್ಯನೂ ಇಪ್ಪತ್ನಾಲ್ಕು ಗಂಟೆಯೂ ರೋಗಿಯ ಪಕ್ಕದಲ್ಲಿ ಇರಲಾರ. ಪಾಳಿ ಮುಗಿದ ಮೇಲೆ ಮನೆಗೆ ಹೋಗಲೇಬೇಕು. ಹೋಗುವುದು ತಪ್ಪಲ್ಲ. ಹೇಳದೆ ಹೋಗುವುದು ತಪ್ಪು. ಯಾವ ಹಾಸಿಗೆಯಲ್ಲಿ ಯಾರಿದ್ದಾರೆ, ಯಾರಿಗೆ ಯಾವ ಔಷಧಿ ಒಗ್ಗದು, ರಾತ್ರಿ ಯಾರ ಮೇಲೆ ಕಣ್ಣಿಟ್ಟಿರಬೇಕು, ಇಷ್ಟನ್ನೂ ಮುಂದಿನವನ ಕೈಗೆ ಒಪ್ಪಿಸಿ ಹೋಗಬೇಕು. ಹ್ಯಾಂಡೋವರ್ ಎನ್ನುತ್ತೇವೆ. ಬುದ್ಧಿವಂತ ವೈದ್ಯರು ಬೇಕಾದಷ್ಟು ಮಂದಿ ಸಿಗುತ್ತಾರೆ, ಸರಿಯಾಗಿ ಒಪ್ಪಿಸಿ ಹೋಗುವವರು ಕಡಿಮೆ. ‘ನಾನಿಲ್ಲದಿದ್ದರೆ ಈ ವಾರ್ಡು ನಡೆಯದು’ ಎಂದು ಹೆಮ್ಮೆ ಪಡುವವನು ತನ್ನ ದೊಡ್ಡತನವನ್ನು ಹೇಳಿಕೊಳ್ಳುತ್ತಿಲ್ಲ. ತಾನು ಯಾರನ್ನೂ ತಯಾರು ಮಾಡಿಲ್ಲವೆಂದು ಹೇಳಿಕೊಳ್ಳುತ್ತಿದ್ದಾನೆ, ಅಷ್ಟೆ.

ರೋಕಾ ಅವರ ಪಕ್ಕದಲ್ಲಿ ಕ್ವಾದ್ರಾತ್ ಇದ್ದರು, ಬೆಂಗಳೂರು ಗೆದ್ದಿತು. ಒನ್-ನಾರ್ತಿನಲ್ಲಿ ಕೋಪ್ಲ್ಯಾಂಡ್ ದಂಪತಿಗಳು 2011ರಲ್ಲಿ ಹ್ಯೂಸ್ಟನ್ನಿಗೆ ಹೋದರು. ಎಡಿಸನ್ ಲಿಯು 2012ರಲ್ಲಿ ಅಮೆರಿಕದ ಜಾಕ್ಸನ್ ಪ್ರಯೋಗಾಲಯದ ಮುಖ್ಯಸ್ಥರಾಗಿ ಹೋದರು. ತಿಮಿಂಗಿಲಗಳು ಈಜಿ ಹೋದವು, ಕೊಳ ಬತ್ತಲಿಲ್ಲ. 2003ರಲ್ಲಿ ಸಾರ್ಸ್ ಬಂದಾಗ ವೈರಸ್ಸಿನ ವಂಶವಾಹಿಯನ್ನು ಓದಿದ ಜಿನೋಮ್ ಇನ್‌ಸ್ಟಿಟ್ಯೂಟ್ ಇಂದೂ ಕೆಲಸ ಮಾಡುತ್ತಿದೆ. ಹೋಗದೆ ಉಳಿದವರೂ ಇದ್ದಾರೆ. ಇಟೊ ಇಲ್ಲಿಯೇ ನೆಲೆನಿಂತರು. ಇಲ್ಲಿನ ಜೀವವಿಜ್ಞಾನಕ್ಕೆ ಮೊದಲಿನಿಂದಲೂ ಹಿರಿಯರಂತಿದ್ದ ನೊಬೆಲ್ ವಿಜೇತ ಸಿಡ್ನಿ ಬ್ರೆನ್ನರ್ 2019ರಲ್ಲಿ ಸಿಂಗಪುರದಲ್ಲೇ ಕಣ್ಣುಮುಚ್ಚಿದರು. ಹೋದವರು ಉಳಿದವರು ಎಂಬ ಲೆಕ್ಕಕ್ಕಿಂತ, ಗಪ್ಪಿ ಮೀನುಗಳು ಈಜು ಕಲಿತವೋ ಇಲ್ಲವೋ ಎಂಬ ಲೆಕ್ಕವೇ ಮುಖ್ಯವೆಂದು ನನಗೆ ತೋರುತ್ತದೆ.

ಇಷ್ಟು ಹೇಳಿ ಸಮಾಧಾನ ಪಟ್ಟುಕೊಳ್ಳುವುದು ಸುಲಭ. ಆದರೆ ಒಂದು ಆಕ್ಷೇಪಣೆಗೆ ಉತ್ತರ ಕೊಡದೆ ಮುಂದೆ ಹೋಗುವಂತಿಲ್ಲ. ಒಪ್ಪಿಸಿ ಹೋಗು ಎನ್ನುತ್ತೀರಿ, ಒಪ್ಪಿಸಿಕೊಳ್ಳಲು ಯಾರೂ ಇಲ್ಲದಿದ್ದರೆ? ಬ್ರೈಟನ್ನಿಗೆ ಇನ್ನೊಬ್ಬ ಮ್ಯಾನೇಜರು ವಾರದೊಳಗೆ ಸಿಕ್ಕಾನು. ಒಂದು ತಾಲ್ಲೂಕಿನ ಆಸ್ಪತ್ರೆಯಲ್ಲಿ ಇದ್ದೊಬ್ಬ ಅರಿವಳಿಕೆ ವೈದ್ಯ ಹೋದರೆ, ರಾತ್ರಿ ಹೆರಿಗೆ ಕಷ್ಟವಾದ ತಾಯಿಯನ್ನು ಎಲ್ಲಿಗೆ ಒಯ್ಯುವುದು? ಇಲ್ಲಿ ನಿಯಮ ಒಂದೇ ಆದರೂ ಭಾರ ಬೇರೆ. ನಮ್ಮ ಜಾಗಕ್ಕೆ ಬರುವವರು ಸಾಲಾಗಿ ನಿಂತಿರುವಲ್ಲಿಂದ ಹೋಗುವುದು ಹಗುರ. ಯಾರೂ ಇಲ್ಲದಲ್ಲಿಂದ ಹೋಗುವುದು ಭಾರ. ಹೋಗಲೇಬಾರದೆಂದು ನಾನು ಹೇಳಲಾರೆ, ಹೇಳುವ ಅಧಿಕಾರವೂ ನನಗಿಲ್ಲ. ಆದರೆ ಅಂಥಲ್ಲಿಂದ ಹೋದವನಿಗೆ ಹೋದ ಮೇಲೂ ಕೆಲಸ ಮುಗಿದಿರುವುದಿಲ್ಲ. ರಜೆಯಲ್ಲಿ ಹೋಗಿ ಕಲಿಸುವುದೋ, ಒಬ್ಬ ಹುಡುಗಿಯ ಓದಿನ ಖರ್ಚು ಹೊರುವುದೋ, ಕಿರಿಯ ವೈದ್ಯರು ಫೋನಿನಲ್ಲಿ ಸಲಹೆ ಕೇಳಿದಾಗ ಬೇಸರಿಸದೆ ಉತ್ತರಿಸುವುದೋ, ಯಾವುದಾದರೂ ಒಂದು. ಪಾಳಿ ಮುಗಿದರೂ ಫೋನು ಎತ್ತಬೇಕಾದ ರೋಗಿಗಳು ಕೆಲವರಿರುತ್ತಾರಲ್ಲ, ಹಾಗೆ.

ಇನ್ನು ಮೂರನೆಯ ಪ್ರಶ್ನೆ, ಉಳಿದವರು ಏನು ಮಾಡಬೇಕು? ಇದು ಫುಟ್‌ಬಾಲ್ ಅಭಿಮಾನಿಗಳಿಗಿಂತ ನಮ್ಮ ಸಂಘಕ್ಕೆ ಹೆಚ್ಚು ಹತ್ತಿರದ ಪ್ರಶ್ನೆ. ಸಿಂಗಪುರ ಅನೇಕ ಕುಟುಂಬಗಳಿಗೆ ನಡುದಾರಿಯ ತಂಗುದಾಣ. ನಾಲ್ಕೈದು ವರ್ಷ ರಾಜ್ಯೋತ್ಸವ, ಯುಗಾದಿ, ಮಕ್ಕಳ ಕನ್ನಡ ಪಾಠ ಎಲ್ಲವನ್ನೂ ಹೆಗಲ ಮೇಲೆ ಹೊತ್ತು ನಡೆಸಿದವರಿಗೆ ಒಂದು ದಿನ ಕಂಪನಿಯಿಂದ ಸಿಡ್ನಿಗೋ ಡಲ್ಲಾಸಿಗೋ ವರ್ಗವಾಗುತ್ತದೆ. ಬೀಳ್ಕೊಡುಗೆಯ ದಿನ ‘ಅವರಿಲ್ಲದೆ ಸಂಘ ಹೇಗೆ ನಡೆಯುತ್ತದೋ’ ಎಂದು ನಾವು ಪ್ರೀತಿಯಿಂದಲೇ ಭಾಷಣ ಮಾಡುತ್ತೇವೆ. ಅದು ಹೊಗಳಿಕೆಯಾಗಿ ಕೇಳಿಸಿದರೂ ನಮ್ಮ ಮೇಲಿನ ದೂರೇ ಸರಿ. ಅವರು ನಾಟಕದ ತಾಲೀಮು ನಡೆಸುವಾಗ ಪಕ್ಕದಲ್ಲಿ ಕುಳಿತು ಕಲಿತವರು ಯಾರು? ಸಭಾಂಗಣ ಕಾದಿರಿಸುವುದು ಹೇಗೆ, ಲೆಕ್ಕ ಬರೆಯುವುದು ಹೇಗೆ, ಮಕ್ಕಳಿಗೆ ಒತ್ತಕ್ಷರ ತಿದ್ದಿಸುವುದು ಹೇಗೆ ಎಂದು ಕೇಳಿ ಬರೆದಿಟ್ಟುಕೊಂಡವರು ಯಾರು? ಕಲಿಸಲು ಗುರು ಸಿದ್ಧನಿದ್ದರೆ ಸಾಲದು, ಕಲಿಯಲು ಪಕ್ಕದಲ್ಲಿ ಒಬ್ಬರು ನಿಂತಿರಬೇಕು.

ಆದ್ದರಿಂದ ಮುಂದಿನ ಸಲ ನಿಮ್ಮ ಮಗ ಮುಖ ಸಣ್ಣದು ಮಾಡಿಕೊಂಡು ‘ನಮ್ಮ ಮ್ಯಾನೇಜರ್ ಹೋಗಿಬಿಡುತ್ತಾನೆ’ ಎಂದರೆ ನಗಬೇಡಿ. ‘ಹೋದರೆ ಹೋಗಲಿ, ಅವನ ಪಕ್ಕದ ಕುರ್ಚಿಯಲ್ಲಿ ಯಾರು ಕೂತಿದ್ದಾರೆ ನೋಡು’ ಎಂದು ಹೇಳಿ. ಹಾಗೆಯೇ ಈ ಸಲದ ರಾಜ್ಯೋತ್ಸವದ ತಯಾರಿಗೆ ಸಮಿತಿಯವರು ಸೇರುವ ಭಾನುವಾರ, ನಿಮ್ಮ ಮನೆಯಿಂದಲೂ ಒಬ್ಬರನ್ನು ಕಳಿಸಿಕೊಡಿ. ಅಲ್ಲಿಯೂ ಪಕ್ಕದ ಕುರ್ಚಿಗಳು ಖಾಲಿ ಇವೆ.